ಕೆಳಗಿನ ಮನೆಗೆ ಕೊಟ್ಟ ಕಾಂಗರೂ ಚೀಲ

ನನ್ನ ಮಗಳಿಗೆ ಐದು ತಿಂಗಳಾಗಿದ್ದಾಗ ನಮ್ಮ ಮನೆ ಓನರ್ ಆಂಟಿ ಅವಳ ತಳ್ಳುಗಾಡಿಯನ್ನು ಗುಜರಿಯವನಿಗೆ ಕೊಟ್ಟುಬಿಟ್ಟರು. ಇದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಓದುತ್ತಾ ಹೋದಂತೆ ನಾನೂ ಅಂಥ ಸಾಚಾ ಏನಲ್ಲ ಎಂದು ನಿಮಗೆ ಗೊತ್ತಾಗುತ್ತದೆ, ಆಗ ಗಾಡಿಯ ವಿಷಯ ಸಣ್ಣದಾಗಿ ಕಾಣಬಹುದು. ಅದು ಸಣ್ಣದಾಗಿರಲಿಲ್ಲ.

ನಾವಿದ್ದದ್ದು ಬಿಟಿಎಂ ಲೇಔಟಿನ ನಡುವೆ ಸಿಕ್ಕಿಹಾಕಿಕೊಂಡಿರುವ ಹಳೇ ಊರಿನ ಒಂದು ಬೀದಿಯಲ್ಲಿ, ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಓನರ್ ಮನೆಯವರು ನೆಲಮಹಡಿಯಲ್ಲಿ. ಒಂದು ಕಾಲಕ್ಕೆ ಅವರು ಅಲ್ಲಿ ಸೊಪ್ಪು ಬೆಳೆಯುತ್ತಿದ್ದವರು. ಹೊಲ ಹೋಗಿ ಸೈಟಾಗಿ, ಸೈಟಿನ ಮೇಲೆ ಈ ಕಟ್ಟಡ ಎದ್ದಿತ್ತು. ಅಂಕಲ್ ತೀರಿಕೊಂಡ ಮೇಲೆ ಯಜಮಾನಿಕೆಯೆಲ್ಲ ಆಂಟಿಯದೇ. ನೀರಿನ ಮೋಟರ್ ಎಷ್ಟು ಹೊತ್ತಿಗೆ ಹಾಕಬೇಕು, ಚಪ್ಪಲಿ ಎಲ್ಲಿ ಬಿಡಬೇಕು, ಒಗೆದ ಬಟ್ಟೆ ಯಾವ ತಂತಿಯ ಮೇಲೆ ಹಾಕಬೇಕು, ಎಲ್ಲಕ್ಕೂ ಅವರದೊಂದು ಕಾನೂನು. ಮೆಟ್ಟಿಲ ಕೆಳಗಿನ ಖಾಲಿ ಜಾಗದಲ್ಲಿ ಗಾಡಿಯನ್ನು ಮಡಚಿ ಇಟ್ಟುಕೊಳ್ಳಲೇ ಎಂದು ನಾನು ಕೇಳಿಯೇ ಇಟ್ಟಿದ್ದೆ. ಆಗ ಹೂಂ ಅಂದಿದ್ದರು.

ಗಾಡಿ ನನಗೆ ಶೋಕಿಯಾಗಿರಲಿಲ್ಲ. ಮದುವೆಗೆ ಮುಂಚೆ ಒಮ್ಮೆ ಜೆಪಿ ನಗರದಲ್ಲಿ ಬಣ್ಣ ಬಳಿಯದ ಹಂಪ್ ಒಂದರ ಮೇಲೆ ನನ್ನ ಸ್ಕೂಟರ್ ಹಾರಿ, ಬೆನ್ನಿನ ಕೆಳಭಾಗದ ಡಿಸ್ಕ್ ಜಾರಿತ್ತು. ಬಸುರಿಯಾಗಿದ್ದಾಗ ಉಳಿದ ಕೆಲಸವೂ ಮುಗಿಯಿತು. ಕೂತರೆ ಏಳಲು, ಎದ್ದರೆ ಬಗ್ಗಲು, ಬಗ್ಗಿದರೆ ಮತ್ತೆ ನೆಟ್ಟಗಾಗಲು ಲೆಕ್ಕ ಹಾಕಬೇಕು. ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು, ಆದರೂ ಈ ಲೆಕ್ಕದಲ್ಲಿ ಎಷ್ಟೋ ಸಲ ತಪ್ಪುತ್ತಿದ್ದೆ. ಇನ್ನೊಂದು ಸಲ ಜಾರಿದರೆ ಆಪರೇಷನ್ ಬಿಟ್ಟು ಬೇರೆ ದಾರಿ ಇಲ್ಲ ಎಂದು ಡಾಕ್ಟರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಮಗುವನ್ನು ಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋಗುವುದು ನನಗೆ ಸಾಧ್ಯವಿದ್ದ ಒಂದೇ ದಾರಿ.

ಒಂದು ಬೆಳಿಗ್ಗೆ ಮಗಳನ್ನು ಎತ್ತಿಕೊಂಡು, ಗೋಡೆ ಹಿಡಿದು ಮೂರು ಮಹಡಿ ಇಳಿದು ಬಂದರೆ ಮೆಟ್ಟಿಲ ಕೆಳಗೆ ಗಾಡಿ ಇರಲಿಲ್ಲ. ಆ ಜಾಗವನ್ನು ಸಾರಿಸಿ, ಒಂದು ತುಳಸಿ ಕುಂಡ ತಂದಿಟ್ಟಿದ್ದರು. ಆಂಟಿ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೇಳಿದೆ. ಯಾರೋ ಬಿಟ್ಟುಹೋಗಿರುವುದು ಅಂದುಕೊಂಡು ಹಳೇ ಪೇಪರಿನವನಿಗೆ ಹಾಕಿದೆ ಎಂದರು, ಕಾಳಿನಿಂದ ಕಣ್ಣು ಕೂಡ ಎತ್ತದೆ. ಆ ಕಟ್ಟಡದಲ್ಲಿದ್ದದ್ದು ಒಂದೇ ಮಗು. ಗಾಡಿಯ ಬುಟ್ಟಿಯಲ್ಲಿ ಅದರ ಹಳದಿ ಟೋಪಿ ಇತ್ತು. ನಾನು ಬಾಯಿ ತೆರೆಯುವುದರೊಳಗೆ ಅವರೇ ಶುರು ಮಾಡಿದರು.

"ಮಗೂನ ಎತ್ಕೊಂಡ್ ಹೋಗಕ್ಕೆ ಗಾಡಿ ಯಾಕಮ್ಮಾ? ಇದೇ ಜಾಗ್ದಲ್ಲಿ ನಾನು ಬೆನ್ನಿಗೆ ಮಗು ಕಟ್ಕೊಂಡು ದಂಟಿನ ಸೊಪ್ಪು ಕಿತ್ತಿದೀನಿ. ನಿಮ್ಗೆಲ್ಲ ಸೊಂಟ ಅನ್ನೋದೇ ಇಲ್ವಾ?"

ಬಾಡಿಗೆ ಮನೆಯವರ ಬಾಯಿಗೆ ಯಾವಾಗಲೂ ಒಂದು ಬೀಗ ಇರುತ್ತದೆ. ಆ ಏರಿಯಾದಲ್ಲಿ ಆ ಥರದ ಗಾಳಿ ಬೆಳಕಿನ ಮನೆ, ಅದೂ ಅಮ್ಮನ ಮನೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಮತ್ತೆ ಸಿಗುವುದು ಕಷ್ಟವಿತ್ತು. ಆದರೆ ಮೆಟ್ಟಿಲು ಹತ್ತುವಾಗ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಕೋಪ ಬಂದರೆ ಕೂಗಾಡಿ ಮರೆತುಬಿಡುವ ಜನ ಇದ್ದಾರೆ, ನನ್ನ ಗಂಡ ಅಂಥವನು. ನಾನು ಹಾಗಲ್ಲ. ಆರನೇ ಕ್ಲಾಸಿನಲ್ಲಿ ನನ್ನ ಜಡೆಗೆ ಗೋಂದು ಹಚ್ಚಿದವಳನ್ನು ಡಿಗ್ರಿ ಮುಗಿಯುವವರೆಗೆ ಮಾತಾಡಿಸಿರಲಿಲ್ಲ.

ನನ್ನ ರಜೆ ಮುಗಿಯುವುದರಲ್ಲಿತ್ತು. ಕಾಲೇಜು ಶುರುವಾದರೆ ಮಗಳನ್ನು ಬೆಳಿಗ್ಗೆ ತಿಲಕ್ ನಗರದ ಅಮ್ಮನ ಮನೆಗೆ ಬಿಟ್ಟು, ಸಂಜೆ ಕರೆದುಕೊಂಡು ಬರಬೇಕು. ಗಂಡ ಆರೂವರೆಗೇ ಕಂಪನಿ ಬಸ್ ಹಿಡಿಯುತ್ತಾನೆ. ಅಷ್ಟು ಹತ್ತಿರಕ್ಕೆ ಆಟೋದವರು ಬರುವುದಿಲ್ಲ, ಮಗು ಇದೆ ಎಂದು ಕೇಳಿಕೊಂಡರೂ ತಲೆ ಅಲ್ಲಾಡಿಸಿ ಹೋಗುತ್ತಾರೆ. ಅಮ್ಮನಿಗೆ ಮಂಡಿ ನೋವು, ಅವಳು ನಮ್ಮ ಮೂರು ಮಹಡಿ ಹತ್ತುವ ಮಾತೇ ಇಲ್ಲ. ಮಗುವನ್ನು ಹೊತ್ತು ನಡೆಯಲು ನನ್ನ ಕೈಲಾದರೆ ಕೆಲಸ ಉಳಿಯುತ್ತದೆ, ಆಗದಿದ್ದರೆ ಇಲ್ಲ. ಲೆಕ್ಕ ಅಷ್ಟು ಸುಲಭವಾಗಿತ್ತು.

ಹಾಗಾಗಿ ಜಯನಗರ ಫೋರ್ತ್ ಬ್ಲಾಕಿಗೆ ಹೋಗಿ, ಮಕ್ಕಳ ಸಾಮಾನಿನ ಒಂದು ಅಂಗಡಿಯಲ್ಲಿ ಬೇಬಿ ಕ್ಯಾರಿಯರ್ ಕೇಳಿದೆ. ಅಂಗಡಿಯವನು ಪೆಟ್ಟಿಗೆಯಿಂದ ನೀಲಿ ಬಣ್ಣದ್ದೊಂದನ್ನು ತೆಗೆದು, ಅದರೊಳಗೆ ಒಂದು ಗೊಂಬೆ ಇಟ್ಟು ನನ್ನ ಹೆಗಲಿಗೆ ಹಾಕಿ ಕನ್ನಡಿಯ ಮುಂದೆ ನಿಲ್ಲಿಸಿದ. ಗೊಂಬೆಗೆ ತೂಕವೇ ಇಲ್ಲ, ಹಾಯಾಗಿಯೇ ಇತ್ತು. ಫಾರಿನ್ ಮಾಡೆಲ್ ಮೇಡಂ, ಸಖತ್ ಮೂವಿಂಗ್, ತಂದಷ್ಟೂ ಖಾಲಿ ಎಂದ. ಬೆನ್ನು ನೋವಿಗೆ ಆಗುತ್ತದೆಯೇ ಎಂದು ಕೇಳಿದ್ದಕ್ಕೆ, ಬೆನ್ನು ನೋವಿನವರೇ ಇದನ್ನು ಹುಡುಕಿಕೊಂಡು ಬರುತ್ತಾರೆ ಎಂದ. ಅವನಿಗೆ ಬೆನ್ನೇ ಇಲ್ಲದವರು ಬಂದು ಕೇಳಿದ್ದರೂ ಅದನ್ನೇ ಹೇಳುತ್ತಿದ್ದ. ನಾನು ತಂದುಬಿಟ್ಟೆ.

ಅದರ ಪಟ್ಟಿಗಳು ಬೆನ್ನ ಹಿಂದೆ ಗುಣಾಕಾರದ ಗುರುತಿನ ಹಾಗೆ ಹಾಯ್ದು ಹೋಗುತ್ತಿದ್ದವು. ಮಗು ಕೂರುವ ಜಾಗ ಅಂಗೈ ಅಗಲ, ಕಾಲುಗಳು ಎರಡೂ ಕಡೆ ಜೋತುಬೀಳುತ್ತಿದ್ದವು. ಸೊಂಟಕ್ಕೆ ಎಂದು ಒಂದು ಲಾಡಿಯಂಥ ಪಟ್ಟಿ ಇತ್ತು, ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಮಗುವಿನ ಭಾರವೆಲ್ಲ ಹೆಗಲಿನಿಂದ ನೇತಾಡಿ, ಮುಂದಕ್ಕೆ ಎಳೆದು, ಸರಿಯಾಗಿ ನನ್ನ ಜಾರಿದ ಡಿಸ್ಕಿನ ಮೇಲೆ ಹೋಗಿ ಕೂರುತ್ತಿತ್ತು. ಹೊಸದು, ಅಭ್ಯಾಸವಾಗಬೇಕು ಅಂದುಕೊಂಡು ನಾಲ್ಕು ದಿನ ಅಮ್ಮನ ಮನೆಯವರೆಗೆ ನಡೆದೆ. ಐದನೇ ದಿನ ತಿಲಕ್ ನಗರದ ತಿರುವಿನಲ್ಲಿ ಬೆನ್ನು ಹಿಡಿದುಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮುಚ್ಚಿದ ಅಂಗಡಿಯೊಂದರ ಷಟರ್ ಹಿಡಿದು ನಿಂತೆ. ಮಗಳು ಎದೆಯ ಮೇಲೆ ನೇತಾಡಿಕೊಂಡು ನಗುತ್ತಿದ್ದಳು. ಹಾಲು ತೆಗೆದುಕೊಂಡು ಹೋಗುತ್ತಿದ್ದ ಯಾರೋ ಒಬ್ಬರು ಬಂದು ಅವಳನ್ನು ಬಿಡಿಸಿಕೊಂಡರು. ಅಲ್ಲಿಂದ ಆರು ಮನೆ ದಾಟಿದರೆ ಅಮ್ಮನ ಮನೆ. ಅಷ್ಟು ದೂರ ಹೋಗಲು ನನಗೆ ಅರ್ಧ ಗಂಟೆ ಬೇಕಾಯಿತು.

ಹನ್ನೆರಡು ದಿನ ನೆಲದ ಮೇಲೆ ಮಲಗಿದೆ. ಕಾಲೇಜು ಶುರುವಾಯಿತು, ನಾನಿರಲಿಲ್ಲ. ಪ್ರಿನ್ಸಿಪಾಲರು ಇನ್ನೊಂದು ತಿಂಗಳು ನೋಡುತ್ತೇವೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ಬಹಳ ಮೃದುವಾಗಿ ಹೇಳಿದರು. ಆ ಶುಕ್ರವಾರ ಅರಿಶಿನ ಕುಂಕುಮಕ್ಕೆ ಕೆಳಗೆ ಸೇರಿದ್ದ ಹೆಂಗಸರ ಮುಂದೆ ಆಂಟಿ, ಮೂರನೇ ಮಹಡಿಯವಳು ಒಂದು ಕೂಸು ಎತ್ತಿಕೊಂಡಿದ್ದಕ್ಕೆ ಮಲಗಿಬಿಟ್ಟಿದ್ದಾಳೆ ಎಂದು ನಕ್ಕರಂತೆ. ಎರಡನೇ ಮಹಡಿಯವರು ಕನಿಕರದಿಂದಲೇ ಬಂದು ನನಗೆ ಇದನ್ನು ಮುಟ್ಟಿಸಿದರು. ಚಾವಣಿ ನೋಡುತ್ತಾ ಮಲಗಿದವಳಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಆ ಹೆಂಗಸಿನ ಸೊಂಟ ಒಂದು ಸಲ, ಒಂದೇ ಸಲ, ಹೀಗೆ ಹಿಡಿದುಕೊಳ್ಳಲಿ ಎಂದು ದಿನಾ ಬೇಡಿಕೊಂಡೆ. ದೇವರ ಹತ್ತಿರ ಅಷ್ಟು ಶ್ರದ್ಧೆಯಿಂದ ನಾನು ಬೇರೆ ಏನನ್ನೂ ಕೇಳಿರಲಿಲ್ಲ.

ಎದ್ದು ಓಡಾಡುವ ಹಾಗಾದ ಮೇಲೆ ಬನಶಂಕರಿಯ ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಹೋದೆ. ನನ್ನ ವಯಸ್ಸಿನವರೇ, ಮಾತು ಕಡಿಮೆ. ನಾನು ಆ ನೀಲಿ ಚೀಲವನ್ನು ಜೊತೆಗೆ ಒಯ್ದಿದ್ದೆ. ಅದನ್ನು ತಿರುಗಿಸಿ ನೋಡಿ, ಇದನ್ನು ಯಾರಿಗೂ ಕೊಡಬೇಡಿ, ಎಸೆಯಿರಿ ಎಂದರು. ಆಮೇಲೆ ಅಗಲವಾದ ಸೊಂಟಪಟ್ಟಿ ಇದ್ದ ತಮ್ಮದೇ ಹಳೆಯ ಕ್ಯಾರಿಯರ್ ಒಂದನ್ನು ಕೊಟ್ಟು, ಹಾಕಿಕೊಂಡು ತೋರಿಸಿ ಎಂದರು. ನಾನು ಪಟ್ಟಿಯನ್ನು ಹೊಟ್ಟೆಯ ಮೇಲೆ ಬಿಗಿದೆ. ಅವರು ನಕ್ಕುಬಿಟ್ಟರು. ಬಾಣಂತನ ಮಾಡಿಸಿಕೊಂಡ ಹೆಂಗಸರೆಲ್ಲ ಮಾಡುವುದು ಇದೇ ತಪ್ಪು ಎಂದರು.

ನಿಜ. ನನಗೆ ಎಣ್ಣೆ ನೀರು ಹಾಕಲು ಬರುತ್ತಿದ್ದ ಅಜ್ಜಿ, ಸ್ನಾನವಾದ ಮೇಲೆ ಅಮ್ಮನ ಹಳೇ ಕಾಟನ್ ಸೀರೆಯನ್ನು ಹೊಟ್ಟೆಗೆ ಸುತ್ತಿ ಉಸಿರು ಕಟ್ಟುವಷ್ಟು ಬಿಗಿಯುತ್ತಿದ್ದಳು. ಹೊಟ್ಟೆ ಕಟ್ಟದಿದ್ದರೆ ಗಾಳಿ ಸೇರುತ್ತದೆ, ಸೊಂಟ ನಿಲ್ಲುವುದಿಲ್ಲ ಎನ್ನುತ್ತಿದ್ದಳು. ಎರಡು ತಿಂಗಳು ಹಾಗೆ ಕಟ್ಟಿಸಿಕೊಂಡ ಮೇಲೆ, ಪಟ್ಟಿ ಎಂದರೆ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಫಿಸಿಯೋ ಅದನ್ನು ನಾಲ್ಕು ಬೆರಳು ಕೆಳಗಿಳಿಸಿದರು.

"ಇಲ್ಲಿ ನೋಡಿ. ಬಿಂದಿಗೆ ಎಲ್ಲಿ ಕೂರುತ್ತೋ ಆ ಮೂಳೆ ಮೇಲೆ ಪಟ್ಟಿ ಕೂರಬೇಕು. ಹೊಟ್ಟೆ ಮೇಲೆ ಕಟ್ಟಿದ್ರೆ ಭಾರ ಎಲ್ಲ ಬೆನ್ನಿಗೇ ಹೋಗತ್ತೆ. ಆಪರೇಷನ್ ಆದೋರಿಗಂತೂ ಹೊಲಿಗೆ ಮೇಲೆ ಒತ್ತತ್ತೆ."

ಉಳಿದದ್ದನ್ನೂ ಅವರೇ ಹೇಳಿಕೊಟ್ಟರು. ಮಗು ಕೂರುವ ಜಾಗ ಒಂದು ಮಂಡಿಯಿಂದ ಇನ್ನೊಂದು ಮಂಡಿಯವರೆಗೆ ಅಗಲವಾಗಿರಬೇಕು. ಮಗು ಮೈಗೆ ಅಂಟಿಕೊಂಡಿರಬೇಕು, ತಲೆ ಬಗ್ಗಿಸಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಮೇಲಿರಬೇಕು. ಹೆಗಲ ಪಟ್ಟಿ ದಪ್ಪಗಿರಬೇಕು, ಆದರೆ ಕೆಲಸ ಮಾಡಬೇಕಾದದ್ದು ಸೊಂಟದ ಪಟ್ಟಿ. ಅವರ ಕ್ಯಾರಿಯರಿನ ಒಂದು ಬಕಲ್ ಮುರಿದಿತ್ತು, ಇಲ್ಲದಿದ್ದರೆ ಅದನ್ನೇ ಕೇಳುತ್ತಿದ್ದೆನೇನೋ.

ಎರಡನೇ ಸಲ ಹುಡುಕಲು ಹೊರಟಾಗ ಐದು ಕೆಜಿ ಸೋನಾ ಮಸೂರಿಯ ಪ್ಯಾಕೆಟ್ ಒಂದು, ತೊಗರಿಬೇಳೆಯ ಎರಡು ಪ್ಯಾಕೆಟ್ ಜೊತೆಗೆ ಒಯ್ದೆ. ಸೇರಿಸಿದರೆ ನನ್ನ ಮಗಳ ತೂಕ. ಗಂಡ ಚೀಲ ಹಿಡಿದುಕೊಂಡು ಹಿಂದೆ ಬಂದ. ಅಂಗಡಿಯವರು ಗೊಂಬೆ ಕೊಡಲು ಬಂದರೆ ಬೇಡ ಎಂದು ಅಕ್ಕಿ ಬೇಳೆಯನ್ನು ಒಂದು ಟವೆಲಿನಲ್ಲಿ ಸುತ್ತಿ ಒಳಗಿಡುತ್ತಿದ್ದೆ. ಜಯನಗರದ ಒಂದು ಅಂಗಡಿಯಲ್ಲಿ ಇಬ್ಬರು ಸೇಲ್ಸಿನ ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ನಗಲಿ ಎಂದುಕೊಂಡು ಆ ತೂಕದೊಂದಿಗೆ ಅಂಗಡಿಯ ಮೆಟ್ಟಿಲನ್ನು ಹತ್ತು ಸಲ ಹತ್ತಿ ಇಳಿದೆ.

ಐದು ಮೀಟರಿನ ಬಟ್ಟೆ ಸುತ್ತಿಕೊಳ್ಳುವಂಥದ್ದು ಮೈಗೆ ಚೆನ್ನಾಗಿ ಕೂತಿತು. ಆದರೆ ಕಟ್ಟಿಕೊಳ್ಳುವಾಗ ನೆಲಕ್ಕೆ ಬಿದ್ದ ತುದಿ ಎತ್ತಲು ಮೂರು ಸಲ ಬಗ್ಗಬೇಕು, ಬಗ್ಗುವುದೇ ಆಗದವಳಿಗೆ ಅದರಿಂದ ಏನು ಪ್ರಯೋಜನ. ಬಳೆಯಂಥ ಎರಡು ಉಂಗುರದಲ್ಲಿ ಬಟ್ಟೆ ತೂರಿಸಿ ಒಂದೇ ಹೆಗಲಿಗೆ ಹಾಕುವುದು ನೋಡಲು ಚೆಂದ, ಹತ್ತು ನಿಮಿಷಕ್ಕೆ ಬಲಗಡೆ ಸೊಂಟ ಜೋಮು ಹಿಡಿಯಿತು. ಸೊಂಟಕ್ಕೆ ಸಣ್ಣ ಮಣೆಯಂಥದ್ದನ್ನು ಕಟ್ಟಿ ಮಗುವನ್ನು ಕೂರಿಸುವುದು ಇನ್ನೊಂದು, ಅದು ಮಗುವನ್ನು ಮೈಯಿಂದ ದೂರ ತಳ್ಳುತ್ತದೆ, ನಾನು ಹಿಂದಕ್ಕೆ ವಾಲಬೇಕು. ಕೊನೆಗೆ ಸಿಕ್ಕಿದ್ದು ಜೆಪಿ ನಗರದಲ್ಲಿ, ಮಕ್ಕಳು ದೊಡ್ಡವರಾದ ಮೇಲೆ ಸಾಮಾನು ದಾಟಿಸುವ ತಾಯಂದಿರ ವಾಟ್ಸಾಪ್ ಗ್ರೂಪಿನ ಮೂಲಕ. ಬೂದಿ ಬಣ್ಣದ್ದು, ಅಂಗೈ ಅಗಲದ ಗಟ್ಟಿ ಸೊಂಟಪಟ್ಟಿ, ಬಕಲ್ ಮುಂದಕ್ಕೇ ಬರುತ್ತದೆ. ಅಕ್ಕಿ ಬೇಳೆ ಹಾಕಿಕೊಂಡು ಅವರ ಮನೆಯ ಬೀದಿಯಲ್ಲಿ ಅರ್ಧ ಗಂಟೆ ನಡೆದೆ. ಬೆನ್ನು ಸುಮ್ಮನಿತ್ತು. ಅಲ್ಲೇ ಕಣ್ಣಲ್ಲಿ ನೀರು ಬಂತು. ಅಕ್ಕಿ ಮೂಟೆ ಅಪ್ಪಿಕೊಂಡು ಅಳುವವಳನ್ನು ಆ ಮನೆಯವರು ಏನೆಂದುಕೊಂಡರೋ.

ಕಾಲೇಜಿಗೆ ಮರಳಿದೆ. ಅದಕ್ಕಿಂತ ದೊಡ್ಡ ಖುಷಿ ಬೆಳಿಗ್ಗೆ ಏಳೂಕಾಲಕ್ಕೆ ಇರುತ್ತಿತ್ತು. ಆಂಟಿ ಬಾಗಿಲ ಮುಂದೆ ರಂಗೋಲಿ ಹಾಕುವ ಹೊತ್ತು ಅದು. ಮಗಳನ್ನು ಎದೆಗೆ ಕಟ್ಟಿಕೊಂಡು, ಕಂಬಿ ಮುಟ್ಟದೆ, ಎರಡೂ ಕೈ ಬೀಸಿಕೊಂಡು ಇಳಿಯುತ್ತಿದ್ದೆ. ಬೇಕೆಂದೇ ಅವರ ಪಕ್ಕದಲ್ಲಿ ನಿಂತು ವಾಚ್ ನೋಡಿಕೊಳ್ಳುತ್ತಿದ್ದೆ. ಅವರು ಬಗ್ಗಿದಲ್ಲಿಂದ ಏಳುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದರು, ಅದನ್ನು ನಾನು ಗಮನಿಸದೆ ಬಿಟ್ಟ ದಿನವೇ ಇಲ್ಲ. ಹೊಟ್ಟೆ ತಣ್ಣಗಾಗುತ್ತಿತ್ತು. ಆದರೆ ಪೂರ್ತಿ ಅಲ್ಲ.

ಆ ಹೊತ್ತಿಗೆ ಆಂಟಿಯ ಸೊಸೆ ಬಾಣಂತನ ಮುಗಿಸಿ ವಸಂತಪುರದ ತವರಿನಿಂದ ಬಂದಳು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ, ಸಿಸೇರಿಯನ್ ಆಗಿತ್ತು, ಕಂಕುಳಲ್ಲಿ ಮೂರೂವರೆ ತಿಂಗಳ ಗಂಡುಮಗು. ಬಂದ ವಾರಕ್ಕೇ ಆಂಟಿ ಮೂರು ಮಹಡಿ ಏದುಸಿರು ಬಿಡುತ್ತಾ ಹತ್ತಿ ನಮ್ಮ ಮನೆಗೆ ಬಂದರು. ನಾವು ಆ ಮನೆಗೆ ಬಂದ ಮೇಲೆ ಅವರು ಹತ್ತಿದ್ದು ಅದೇ ಮೊದಲು. ನೀವು ಹಾಕಿಕೊಳ್ಳುತ್ತೀರಲ್ಲ ಆ ಕಾಂಗರೂ ಚೀಲ, ಅಂಥದ್ದೊಂದು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಮೊಮ್ಮಗನನ್ನು ತಾವೇ ಎದೆಗೆ ಕಟ್ಟಿಕೊಂಡು ದಿನಾ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕಂತೆ.

ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಒಳಗೆ ಹೋಗಿ ಅಟ್ಟದ ಮೇಲಿದ್ದ ನೀಲಿ ಚೀಲವನ್ನು ತೆಗೆಸಿ, ಧೂಳು ಒರೆಸಿ ತಂದುಕೊಟ್ಟೆ.

"ಎಲ್ಲೂ ಹುಡುಕೋದು ಬೇಡ ಆಂಟಿ, ಇದನ್ನೇ ಇಟ್ಕೊಳಿ. ಹೊಸದಾಗೇ ಇದೆ. ತುಂಬಾ ಚೆನ್ನಾಗಿದೆ."

ಅವರು ಅದನ್ನು ಹಿಂದೆ ಮುಂದೆ ನೋಡಿ, ಬಣ್ಣ ಚೆನ್ನಾಗಿದೆ ಎಂದು ಹೇಳಿ, ನನ್ನ ಕೆನ್ನೆ ತಟ್ಟಿ ಇಳಿದು ಹೋದರು. ಚೀಲ ಅಟ್ಟದಿಂದ ಇಳಿಸಿಕೊಟ್ಟ ನನ್ನ ಗಂಡ ಬಾಗಿಲಲ್ಲೇ ನಿಂತಿದ್ದ. ಅದು ಎಸೆಯುವುದಾಗಿತ್ತಲ್ಲವೇ ಎಂದ. ಅವರೇ ಕೇಳಿದರು ಎಂದೆ. ನಾನು ಆ ದಿನ ಪಾಯಸ ಮಾಡಿದೆ. ಹಬ್ಬ ಯಾವುದೂ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದಾಗ ಕೆಳಗೆ ಕಾಂಪೌಂಡಿನ ಎಳೆ ಬಿಸಿಲಲ್ಲಿ ಆಂಟಿ, ಸೊಸೆ, ಮಗು ಮೂವರೂ ಇದ್ದರು. ಆಂಟಿ ಮೊದಲು ತಾವೇ ಹಾಕಿಕೊಂಡು ನೋಡಿದರು. ಎರಡು ಹೆಜ್ಜೆ ಇಟ್ಟು, ಇದು ನಮ್ಮ ಕಾಲದವರಿಗಲ್ಲ ಎಂದು ಬಿಚ್ಚಿ ಸೊಸೆಯ ಹೆಗಲಿಗೆ ಹಾಕಿದರು. ಹುಡುಗಿ ಹೊಟ್ಟೆ ಕಟ್ಟಿಕೊಂಡಿದ್ದಳು, ಮೂರು ತಿಂಗಳು ಕಳೆದರೂ ಆಂಟಿ ಅದನ್ನು ಬಿಡಿಸಿರಲಿಲ್ಲ. ಆ ಬಟ್ಟೆಯ ಮೇಲೆಯೇ, ಸರಿಯಾಗಿ ಹೊಟ್ಟೆಯ ಮಧ್ಯಕ್ಕೆ, ಆ ಲಾಡಿಯಂಥ ಪಟ್ಟಿಯನ್ನು ಎಳೆದು ಎಳೆದು ಬಿಗಿದರು. ಹುಡುಗಿ ಮುಖ ಕಿವುಚಿದ್ದು ನನಗೆ ಮೂರನೇ ಮಹಡಿಯಿಂದ ಕಾಣಿಸಿತು.

ಅಲ್ಲಿಂದಲೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೆಳಗಿಳಿಸಿ ಕಟ್ಟಿ ಎನ್ನಬಹುದಿತ್ತು. ಅದನ್ನು ಹಾಕಲೇಬೇಡಿ ಎನ್ನಬಹುದಿತ್ತು. ನಾನು ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡು ಬಟ್ಟೆ ಒಣಹಾಕಿದೆ. ಇದು ಆಂಟಿಗೆ ಆಗಬೇಕಾಗಿದ್ದದ್ದು, ಸೊಸೆಗೆ ಆಗುತ್ತಿದೆ, ಅದಕ್ಕೆ ನಾನೇನು ಮಾಡಲಿ ಎಂದುಕೊಂಡೆ. ಇವತ್ತು ಸುಳ್ಳು ಹೇಳಿ ಪ್ರಯೋಜನವಿಲ್ಲ, ಆಂಟಿಯ ಮನೆಗೆ ಆಗುತ್ತಿದೆ ಎನ್ನುವ ತೃಪ್ತಿಯೂ ಒಳಗೊಳಗೇ ಇತ್ತು. ಮೊಮ್ಮಗ ಅತ್ತರೆ ಅವರಿಗೂ ನಿದ್ದೆ ಕೆಡುತ್ತದೆ, ಸೊಸೆ ಮಲಗಿದರೆ ಅವರೇ ಅಡುಗೆ ಮಾಡಬೇಕಾಗುತ್ತದೆ. ಹೀಗೆ ಲೆಕ್ಕ ಹಾಕುವವಳು ನಾನು.

ಎರಡು ತಿಂಗಳು ಆ ಹುಡುಗಿ ಆ ಚೀಲದಲ್ಲಿ ಮಗುವನ್ನು ಹೊತ್ತಳು. ಅವಳಿಗೆ ಮಾಡಲು ನೂರೆಂಟು ಕೆಲಸ, ಕೈ ಖಾಲಿ ಇರಲಿ ಎಂದು ಆಂಟಿಯೇ ಕಟ್ಟಿ ಕಳಿಸುತ್ತಿದ್ದರು. ಸೊಪ್ಪು ತರಲು, ಹಿಟ್ಟು ಬೀಸಿಸಲು, ನೀರಿನ ಕ್ಯಾನ್ ಹೇಳಲು. ಎದುರು ಸಿಕ್ಕಾಗಲೆಲ್ಲ ನನ್ನನ್ನು ನೋಡಿ ನಗುತ್ತಿದ್ದಳು, ಅಕ್ಕಾ ಎನ್ನುತ್ತಿದ್ದಳು. ಒಂದು ಕೈ ಯಾವಾಗಲೂ ಸೊಂಟದ ಹಿಂದಿರುತ್ತಿತ್ತು. ಒಂದು ದಿನ ಮೆಟ್ಟಿಲ ಹತ್ತಿರ ನಿಲ್ಲಿಸಿ, ನಿಮಗೆ ನೋಯುವುದಿಲ್ಲವಾ ಅಕ್ಕ ಎಂದು ಕೇಳಿದಳು. ಅಭ್ಯಾಸವಾಗುತ್ತದೆ ಎಂದೆ. ಜಯನಗರದ ಆ ಅಂಗಡಿಯವನಿಗಿಂತ ನಾನು ಯಾವ ರೀತಿಯಲ್ಲೂ ಮೇಲಾಗಿರಲಿಲ್ಲ. ಅವನಾದರೂ ಹೊಟ್ಟೆಪಾಡಿಗೆ ಹೇಳಿದ್ದ.

ಒಂದು ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ, ಅಮ್ಮನ ಮನೆಯಿಂದ ಮಗಳನ್ನು ಕಟ್ಟಿಕೊಂಡು ಬಂದು ಗೇಟು ತೆಗೆಯುತ್ತಿದ್ದೆ. ಕೆಳಗಿನ ಮನೆಯ ಕಿಟಕಿ ತೆರೆದಿತ್ತು. ಹುಡುಗಿ ಬಹುಶಃ ಮಲಗಿದ್ದಳು, ಏಳಲು ಆಗುತ್ತಿಲ್ಲ ಎಂದು ಹೇಳಿದ್ದಿರಬೇಕು. ಆಂಟಿಯ ಧ್ವನಿ ಬೀದಿಗೇ ಕೇಳುತ್ತಿತ್ತು.

"ಮೇಲ್ಗಡೆ ಮನೆ ಮೇಡಂನ ನೋಡೇ. ಸೊಂಟ ಮುರ್ಕೊಂಡಿರೋಳು, ಇಂಥದ್ದೇ ಚೀಲದಲ್ಲಿ ಮಗು ಹೊತ್ಕೊಂಡು ಕಾಲೇಜಿಗ್ ಹೋಗಿ ದುಡ್ಕೊಂಡ್ ಬರ್ತಾಳೆ. ನಿಂದೇನೇ ನಾಟಕ?"

ನಾನು ಗೇಟಿನ ಚಿಲಕ ಹಿಡಿದು ಹಾಗೇ ನಿಂತೆ. ಇಷ್ಟು ದಿನ ಆಂಟಿಯ ಬಾಯಲ್ಲಿ ಒಂದು ಒಳ್ಳೆಯ ಮಾತು ಕೇಳಬೇಕು ಎಂದು ನಾನು ಬಯಸಿದ್ದೆ, ಸುಳ್ಳೇಕೆ. ಆ ಮಾತು ಬಂದಿತ್ತು. ಅದು ಬಂದದ್ದು ಆ ಹುಡುಗಿಯ ಬೆನ್ನಿಗೆ ಬಾರಿಸುವ ಕೋಲಾಗಿ. ಅಂಥ ಕೋಲನ್ನು ಸವರಿ, ನಯ ಮಾಡಿ, ಅವರ ಕೈಗೆ ಕೊಟ್ಟವಳು ನಾನೇ. ದಿನಾ ಏಳೂಕಾಲಕ್ಕೆ ಕೈ ಬೀಸಿಕೊಂಡು ಇಳಿದು ಅದಕ್ಕೆ ಎಣ್ಣೆ ಹಚ್ಚಿದವಳೂ ನಾನೇ.

ಬಾಗಿಲು ತಟ್ಟಿದೆ. ಆಂಟಿ ತೆರೆದರು. ಸೊಸೆಯನ್ನು ಕರೆಯಿರಿ ಎಂದೆ. ಅವಳು ಗೋಡೆ ಹಿಡಿದುಕೊಂಡು ಹೊರಗೆ ಬಂದಳು, ಕಣ್ಣು ಕೆಂಪಾಗಿತ್ತು. ಮಗಳನ್ನು ಬಿಡಿಸಿ ಆಂಟಿಯ ಕೈಗೆ ಕೊಟ್ಟೆ, ಅವರು ಏನು ಎತ್ತ ಎಂದು ಕೇಳದೆ ತೆಗೆದುಕೊಂಡರು. ನನ್ನ ಕ್ಯಾರಿಯರನ್ನು ಬಿಚ್ಚಿ ಆ ಹುಡುಗಿಯ ಸೊಂಟದ ಮೂಳೆಯ ಮೇಲೆ ಕೂರಿಸಿ ಬಕಲ್ ಹಾಕಿದೆ. ಒಳಗಿನಿಂದ ಅವಳ ಮಗುವನ್ನು ತಂದು ಕೂರಿಸಿ, ಹೆಗಲ ಪಟ್ಟಿ ಎಳೆದೆ. ನಡಿ ಎಂದೆ. ಅವಳು ಕಾಂಪೌಂಡಿನಲ್ಲಿ ಗೇಟಿನವರೆಗೆ ಹೋಗಿ ಬಂದಳು, ಮತ್ತೊಮ್ಮೆ ಹೋಗಿ ಬಂದಳು. ಸೊಂಟದ ಹಿಂದೆ ಇರುತ್ತಿದ್ದ ಕೈ ಕೆಳಗಿಳಿಯಿತು. ನಿಂತು, ತಲೆ ಬಗ್ಗಿಸಿ, ಮಗುವಿನ ನೆತ್ತಿಗೆ ಮುತ್ತು ಕೊಟ್ಟಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಇದು ಬೇರೆ ಥರ ಇದೆ ಅಕ್ಕ" ಎಂದಳು.

ಬೇರೆಯೇ ಎಂದೆ. ಆಂಟಿಗೆ ಕೊಟ್ಟದ್ದನ್ನು ನಾನು ನಾಲ್ಕೇ ದಿನ ಹಾಕಿಕೊಂಡು ನೆಲ ಹಿಡಿದಿದ್ದೆ, ಅದು ಕೆಟ್ಟದ್ದು ಎಂದು ಗೊತ್ತಿದ್ದೇ ಕೊಟ್ಟೆ ಎಂದೆ. ಆಂಟಿ ಬಾಯಿ ತೆರೆದು ನನ್ನನ್ನೇ ನೋಡಿದರು. ಅವರ ಕಡೆ ತಿರುಗಿ, ನನ್ನ ಮಗಳ ಗಾಡಿಯನ್ನು ಗುಜರಿಗೆ ಹಾಕಿದಿರಲ್ಲ, ಅದಕ್ಕೆ ಎಂದು ಹೇಳಿದೆ. ಅಷ್ಟು ತಿಂಗಳು ಕಾಪಾಡಿಕೊಂಡು ಬಂದ ಮಾತು ಅದು, ಹೇಳಿದರೆ ಬೆಟ್ಟ ಇಳಿಸಿದ ಹಾಗೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಆಂಟಿಯೂ ಜಗಳಕ್ಕೆ ಬರಲಿಲ್ಲ. ಅವರ ಹೆಗಲ ಮೇಲೆ ನನ್ನ ಮಗಳು ತಲೆ ಇಟ್ಟಿದ್ದಳು, ಅವರು ಅಭ್ಯಾಸಬಲದಿಂದ ಅವಳ ಬೆನ್ನು ತಟ್ಟುತ್ತಿದ್ದರು.

ಹುಡುಗಿ ನಮ್ಮಿಬ್ಬರನ್ನೂ ನೋಡಿದಳು. ಮಗುವನ್ನು ಎತ್ತಿ ಕಂಕುಳಿಗೆ ಹಾಕಿಕೊಂಡು, ಒಂದೇ ಕೈಯಲ್ಲಿ ಬಕಲ್ ಬಿಚ್ಚಿದಳು. ಇದು ನಿನಗೇ, ಇಟ್ಟುಕೋ, ನಾನು ಬೇರೆ ಹುಡುಕಿಕೊಳ್ಳುತ್ತೇನೆ ಎಂದೆ. ಅವಳು ಪಟ್ಟಿಗಳನ್ನು ಒಂದರ ಮೇಲೊಂದು ಮಡಚಿ ನನ್ನ ಕೈಗಿಟ್ಟಳು.

"ಬೇಡ ಅಕ್ಕ. ಎರಡು ತಿಂಗಳು ನಿಮ್ಮನ್ನ ನೋಡಿ ನೋಡಿ, ನಾನೇ ಸರಿ ಇಲ್ಲ, ಮಗು ಹೊರೋಕೂ ಲಾಯಕ್ಕಿಲ್ಲ ಅಂದ್ಕೊಂಡಿದ್ದೆ."

ಸಿಟ್ಟಿನಿಂದ ಹೇಳಿದ್ದರೆ ನಾನು ಉತ್ತರ ಕೊಡುತ್ತಿದ್ದೆನೇನೋ, ಸಿಟ್ಟಿನ ಭಾಷೆ ನನಗೆ ಚೆನ್ನಾಗಿ ಬರುತ್ತದೆ. ಅವಳು ಹಾಲಿನ ಲೆಕ್ಕ ಹೇಳುವವಳ ಹಾಗೆ ಹೇಳಿ, ಮಗುವಿನ ಕಾಲುಚೀಲ ಸರಿಮಾಡಿಕೊಂಡು ಒಳಗೆ ಹೋದಳು. ರೂಮಿನ ಬಾಗಿಲು ಮುಚ್ಚಿಕೊಂಡಿತು. ಹೊರಗೆ ಉಳಿದವರು ನಾನು ಮತ್ತು ನನ್ನ ಮಗಳನ್ನು ಎತ್ತಿಕೊಂಡಿದ್ದ ಆಂಟಿ, ಇಬ್ಬರೇ.